ಸೋತ ಕ್ಯಾಂಡಿಡೇಟರ ಹೆಂಡತಿ

ಒಬ್ಬ ಹೆಣ್ಣುಮಗಳನ್ನು ನಾವೊಂದಿಷ್ಟು ಗಂಡಸರು ಸೇರಿ, ಕಪ್ಪಿನ ಚಹಾ ಆರುವುದರೊಳಗೆ, ವಿಶ್ವಕೋಶದಿಂದ ಹೊರಗೆ ಹಾಕಲು ಹೊರಟಿದ್ದೆವು.

ನಮ್ಮ ಭಾಗದ ಊರು, ಜನ, ಬೆಳೆ, ಸಂಗೀತ ಎಲ್ಲ ಸೇರಿಸಿ ಧಾರವಾಡದಲ್ಲಿ ಒಂದು ಸಣ್ಣ ವಿಶ್ವಕೋಶ ತಯಾರಾಗುತ್ತಿದೆ. ಅದರ ಕಮಿಟಿಯಲ್ಲಿ ನಾನೂ ಒಬ್ಬ. (ಸಂಬಳವಿಲ್ಲ, ಅವಲಕ್ಕಿ ಇದೆ.) ಎಲೆಕ್ಷನ್ ಮುಗಿದದ್ದೇ ತಡ, ನಮಗೆ ಹೊಸ ತಲೆನೋವು. ಗೆದ್ದವರ ಅಪ್ಪ, ಸೋತವರ ಅಣ್ಣ, ನಿಂತವರ ಬೀಗರು, ಎಲ್ಲರ ಮೇಲೂ ಲೇಖನಗಳು ಬರತೊಡಗಿದವು. ಕ್ಯಾಂಡಿಡೇಟರ ಅಳಿಯನಾಗುವುದೂ ಒಂದು ಸಾಧನೆಯೇ?

ಬೇಸತ್ತು ರೂಲು ಮಾಡಿದೆವು: ಕ್ಯಾಂಡಿಡೇಟರ ಸಂಬಂಧಿಕರಿಗೆ ಜಾಗವಿಲ್ಲ.

ರೂಲಿಗೆ ಮೊದಲು ಸಿಕ್ಕವರು ಹುಬ್ಬಳ್ಳಿ ಬೆಂಗೇರಿಯ ಶಾಂತವ್ವ. ಅಸೆಂಬ್ಲಿಗೆ ನಿಂತು ಸೋತ ಗುರುಪಾದಪ್ಪನವರ ಪತ್ನಿ. ಯಾರೋ ಅಭಿಮಾನಿ ಬರೆದ ಲೇಖನದ ತುಂಬ ಗಂಡನದೇ ಗುಣಗಾನ. ಕೊನೆಗೊಂದು ಸಾಲು: 'ಹಳ್ಳಿಯ ಹುಡುಗಿಯರ ಓದಿಗೆ ನೆರವಾಗಿದ್ದಾರೆ.'

"ಆ ಸಾಲು ಏನೆಂದು ನೋಡಿಕೊಂಡು ಬರುತ್ತೇನೆ, ತಡೆಯಿರಿ" ಎಂದೆ.

"ನೋಡಿ ಬರ್ರಿ. ಆದ್ರ ರೂಲು ರೂಲ ಮತ್ತ" ಎಂದರು ಅಧ್ಯಕ್ಷರು.

ಭಾನುವಾರ ಬಸ್ಸು ಹತ್ತಿ ಶಾಂತವ್ವನವರ ಮನೆಗೆ ಹೋದೆ. ಪಡಸಾಲೆಯಲ್ಲಿ ಹುಡುಗಿಯರು ಸಾಲಾಗಿ ಊಟಕ್ಕೆ ಕುಳಿತಿದ್ದರು. ಅಮ್ಮಿನಬಾವಿ ಆಚೆಯ ಹಳ್ಳಿಗಳವರು, ಹುಬ್ಬಳ್ಳಿಗೆ ಹೈಸ್ಕೂಲು ಓದಲು ಬಂದು ಇಲ್ಲೇ ಇರುವವರು. ಗೌಡರ ಮಗಳ ಮಗ್ಗುಲಲ್ಲೇ ಹರಿಜನ ಕೇರಿಯ ಹುಡುಗಿ. ಒಂದೇ ಬುಟ್ಟಿಯ ರೊಟ್ಟಿ.

ಬಂದ ಕಾರಣ ಹೇಳಿದೆ. ಶಾಂತವ್ವ ನಕ್ಕುಬಿಟ್ಟರು. "ನಂದೇನ್ ಬರೀತೀರಿ ಸರ? ರೊಟ್ಟಿ ಬಡಿಯೂದನ್ನ ಬರೀತೀರೇನು?"

ಬಾಗಿಲಲ್ಲಿ ನಿಂತಿದ್ದ ಗುರುಪಾದಪ್ಪನವರು ಮಾತು ತೆಗೆದರು. "ಎಲೆಕ್ಷನ್ದಾಗ ನಮ್ಮ ಜಾತಿ ಹಿರ್ಯಾರು ಬಂದಿದ್ರು ಸರ. ಓಟು ಬೀಳೂತನಕ ಕೇರಿ ಹುಡಿಗ್ಯಾರನ್ನ ಹಿತ್ತಲದಾಗ ಕೂಡಸ್ರಿ, ಇಲ್ಲಾಂದ್ರ ನಮ್ಮ ಮಂದಿ ಓಟು ಹಾಕಂಗಿಲ್ಲ ಅಂದ್ರು. ಸುಳ್ಯಾಕ ಹೇಳ್ಲಿ? ನಾನೂ ಇಕಿಗೆ ಹಂಗ ಹೇಳಿದ್ನಿ."

"ಅದಕ್ಕೆ ಇವರೇನೆಂದರು?"

"ಏನನ್ನೂದೈತ್ರಿ?" ಎಂದರು ಶಾಂತವ್ವ. "ಇವತ್ತ ಹಿತ್ತಲಕ್ಕ ಕಳಿಸಿದ ಕೂಸಿನ್ನ ನಾಳೆ ಯಾವ ಮಾರಿ ಇಟ್ಕೊಂಡು ಒಳಗ ಕರೀಲಿ? ಹಂಗಿದ್ರ ನಾನೂ ಹಿತ್ತಲದಾಗ ಕೂಡ್ತೇನಿ, ಬಂದ ಮಂದಿಗೆ ನೀವ ಬಡಸ್ರಿ ಅಂದ್ನಿ."

ಹಿರಿಯರು ನೀರೂ ಮುಟ್ಟದೆ ಎದ್ದು ಹೋದರು. ಅವರ ಹಿಂದೆ ಓಟೂ ಹೋದವು.

"ನಿಮಗೆ ಸಿಟ್ಟು ಬರಲಿಲ್ಲವೇ?" ಎಂದು ಗುರುಪಾದಪ್ಪನವರನ್ನು ಕೇಳಿದೆ.

"ಬಂತ್ರಿ. ಭಾಳ ದಿನಾ ಮಾತ ಬಿಟ್ಟಿದ್ನಿ. ಒಬ್ಬಾವ ಕುಂತು ಉಂಡು ಉಂಡು ಬ್ಯಾಸರಾತು. ಒಂದಿನ ನಾನೂ ಬಂದು ಈ ಸಾಲಿನ್ಯಾಗ ಕುಂತ್ನಿ. ಇಕಿ ರೊಟ್ಟಿ ಹಾಕಿದ್ಳು." ಆಮೇಲೆ ನನ್ನತ್ತ ತಿರುಗಿ ಅಂದರು: "ನಿಮ್ಮ ಕಮಿಟ್ಯಾವ್ರಿಗೆ ಹೇಳ್ರಿ ಸರ. ಇಕಿ ನನ್ನಿಂದ ದೊಡ್ಡಾಕಿ ಆಗಿಲ್ಲ. ನಾನು ಇಕಿಯಿಂದ ಸೋತೇನಿ."

ಹೀಗೆ ಸೋತೆನೆಂದು ಹೇಳುವಾಗ ಅವರ ಮುಖದಲ್ಲಿದ್ದದ್ದು ನಾಚಿಕೆಯಲ್ಲ. ಗೆದ್ದವರ ಮೆರವಣಿಗೆಯಲ್ಲೂ ಅಂಥ ಮುಖವನ್ನು ನಾನು ನೋಡಿಲ್ಲ.

ಕಮಿಟಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಆಮೇಲೆ ತಾವೇ ರೂಲು ತಿದ್ದಿದರು: ಸಂಬಂಧ ಯಾರನ್ನೂ ಒಳಗೆ ತರಕೂಡದು, ಯಾರನ್ನೂ ಹೊರಗೂ ಹಾಕಕೂಡದು. ಅಳಿಯಂದಿರು, ಬೀಗರು ಹೊರಗೇ ಉಳಿದರು. ಶಾಂತವ್ವ ಒಳಗೆ ಬಂದರು. ಗಂಡನಿಗೆ ಪ್ರತ್ಯೇಕ ಲೇಖನವಿಲ್ಲ, ಹೆಂಡತಿಯ ಲೇಖನದಲ್ಲೇ ಒಂದು ಸಾಲು. ಸೋತ ಸಂಗತಿ ಬಿಟ್ಟುಬಿಡೋಣವೇ ಎಂದು ಗುರುಪಾದಪ್ಪನವರಿಗೆ ಕೇಳಿಕಳಿಸಿದೆ. "ಬಿಡಬ್ಯಾಡ್ರಿ, ಅದ ಇಲ್ಲಾಂದ್ರ ಇಕಿ ಕತಿ ಪೂರಾ ಆಗಂಗಿಲ್ಲ" ಎಂದು ಉತ್ತರ ಬಂತು.

ಕಮಿಟಿಯ ರಾಯರೊಬ್ಬರಿಗೆ (ಅವರ ಮೇಲೂ ಒಂದು ಲೇಖನವಿದೆ) ಮಾತ್ರ ಇನ್ನೂ ಸಮಾಧಾನವಿಲ್ಲ. 'ಇಂಥವರ ಪತ್ನಿ' ಎಂದೇ ಲೇಖನ ಶುರುವಾಗಬೇಕಂತೆ, ಇಲ್ಲದಿದ್ದರೆ ಓದುವವರಿಗೆ ಗುರುತು ಹತ್ತುವುದಿಲ್ಲವಂತೆ.

ಹಾಗಾದರೆ ರಾಯರೇ, ನಿಮ್ಮ ಲೇಖನವನ್ನು 'ಇಂಥವರ ಗಂಡ' ಎಂದು ಶುರು ಮಾಡೋಣವೇ?