ತಾರಸಿ ಮನೆಯ ಬಾಣಂತಿ ಕೋಣೆ

ನನ್ನ ಮೊದಲನೆಯ ಬಾಣಂತನ ಹಾರನಹಳ್ಳಿ ಪಕ್ಕದ ನಮ್ಮ ಹಳ್ಳಿಯ ಹೆಂಚಿನ ಮನೆಯಲ್ಲಾಯಿತು. ಎರಡನೆಯದು ಅರಸೀಕೆರೆಯ ಹೊಸ ಮನೆಯಲ್ಲಿ. ಅದೇ ಅವ್ವ, ಅದೇ ಹೊರಸು, ಹೊರಸಿನ ಕೆಳಗೆ ಅದೇ ಕೆಂಡದ ಬಾಂಡ್ಲಿ. ಬೇರೆಯಾಗಿದ್ದು ಮನೆ ಒಂದೇ. ಅಷ್ಟಕ್ಕೇ ನನ್ನ ಮಗಳು ಸಾಯುವುದರಲ್ಲಿದ್ದಳು.

ಅಪ್ಪ ಕೊಬ್ಬರಿ ವ್ಯಾಪಾರ ಹಿಡಿದು ಹಳ್ಳಿ ಬಿಟ್ಟು ಅರಸೀಕೆರೆಗೆ ಬಂದಿದ್ದ. ಅರವತ್ತನೇ ಇಸವಿಯ ಆಚೀಚೆ ತಾರಸಿ ಮನೆ ಕಟ್ಟಿಸಿದ. ಕಿಟಕಿಗೆ ಗಾಜು ಹಾಕಿಸಿದ. ನಮ್ಮ ಕಡೆಯವರಲ್ಲಿ ಯಾರ ಮನೆಗೂ ಗಾಜಿನ ಕಿಟಕಿ ಇರಲಿಲ್ಲ. ಅಂಗಡಿಯಿಂದ ಬಂದವನು ಕಾಲು ತೊಳೆಯುವುದಕ್ಕೆ ಮುಂಚೆ ಹೆಗಲ ಮೇಲಿನ ಟವೆಲ್ಲಿನಿಂದ ಗಾಜು ಒರೆಸುತ್ತಿದ್ದ. ಅವ್ವನಿಗೆ ತಾರಸಿ ಮಾಡಿನ ಜಂಬ. 'ಇರುವೆ ಬರಾಕೂ ಸಂದಿಲ್ಲ ನಮ್ಮನೇಲಿ' ಅಂತ ಬಂದವರಿಗೆಲ್ಲ ಹೇಳುವಳು. ಅದೊಂದು ಮಾತು ನಿಜ. ಸಂದಿ ಎಲ್ಲೂ ಇರಲಿಲ್ಲ.

ಬಾಣಂತಿಗೆ ಗಾಳಿ ಸೋಕಬಾರದು ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಎಣ್ಣೆ ನೀರು ಹಾಕಿದ ಮೇಲೆ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ತುರುಕಿ, ಹೊರಸಿನ ಮೇಲೆ ಮಲಗಿಸಿ ಕಂಬಳಿ ಹೊದಿಸುತ್ತಾರೆ. ಮಗುವೂ ಪಕ್ಕದಲ್ಲೇ. ಕೆಳಗೆ ಕೆಂಡ. ಹಳ್ಳಿಯಲ್ಲಿ ಸೌದೆ ಕೆಂಡ ಇಡುತ್ತಿದ್ದರು, ಕಣ್ಣು ಉರಿಯುವಷ್ಟು ಹೊಗೆ ಇರುತ್ತಿತ್ತು. ಇಲ್ಲಿ ಅಪ್ಪನ ವ್ಯಾಪಾರದಿಂದ ಹಿತ್ತಲು ತುಂಬ ತೆಂಗಿನ ಕರಟ. ಅವ್ವ ಕರಟವನ್ನು ಇದ್ದಿಲು ಮಾಡಿ ಇಟ್ಟಿದ್ದಳು. ಕರಟದ ಇದ್ದಿಲಿಗೆ ಹೊಗೆ ಇಲ್ಲ, ಕಾವು ಜಾಸ್ತಿ. ಹೊಗೆ ಇಲ್ಲದ ಮೇಲೆ ಕೇಡು ಏನು ಅಂತ ಎಲ್ಲರ ಲೆಕ್ಕ. ಮಾರ್ಗಶಿರದ ಚಳಿ ಬೇರೆ. ಅವ್ವ ಕಿಟಕಿಯ ಅಂಚಿಗೆಲ್ಲ ಹಳೇ ಸೀರೆ ಚೂರು ತುರುಕಿದಳು. ಬಾಗಿಲ ಕೆಳಗೂ ಒಂದು ಸುರುಳಿ. ಬೀದಿಯ ಹೆಂಗಸರು ಮಗು ನೋಡಲು ಸೀದಾ ನುಗ್ಗಿಬಿಡುತ್ತಾರೆ ಅಂತ ಹೊರಗಿನಿಂದ ಅಗಳಿ ಬೇರೆ.

ಮೊದಲನೆಯದರಲ್ಲಿ ನಾನು ಕೊರಡಿನ ಹಾಗೆ ಮಲಗಿದವಳು. ಇಲ್ಲಿ ಮಲಗುವುದಕ್ಕೆ ಆಗಲಿಲ್ಲ. ಮಲಗಿದರೆ ಏಳಬೇಕು, ಎದ್ದರೆ ಕೂರಬೇಕು, ಕೂತರೆ ಬಾಗಿಲ ಹತ್ತಿರ ಹೋಗಬೇಕು. ತಲೆಯಲ್ಲಿ ಯಾರೋ ಭತ್ತ ಕುಟ್ಟಿದ ಹಾಗೆ. ಎದೆ ಡವಡವ.

'ಅವ್ವ, ಕಿಟಕಿ ತೆಗಿಯವ್ವ. ಉಸಿರು ಕಟ್ತೈತೆ.'

'ಬಾಣಂತಿಗೆ ಗಾಳಿ ಬೇಕಂತೆ ಗಾಳಿ! ಐದು ಹೆತ್ತೀನಿ ಕಣೇ ನಾನು. ಒಂದಿನ ಗಾಳಿ ಕೇಳ್ದೋಳಲ್ಲ.'

'ತಲೆ ಸಿಡೀತೈತೆ ಅಂದ್ರೆ.'

'ಶೀತ ಅದು. ತಾಳು, ಇನ್ನೊಂದಿಷ್ಟು ಕೆಂಡ ಇಕ್ತೀನಿ.'

ಹೀಗೆ. ತಲೆ ನೊಂದಷ್ಟೂ ಕೆಂಡ, ಕೆಂಡ ಬಂದಷ್ಟೂ ತಲೆನೋವು. ನಾನು ಚಡಪಡಿಸುವುದು ನೋಡಿ ಅವ್ವನಿಗೆ ಬೇರೆಯದೇ ಹೆದರಿಕೆ ಹತ್ತಿತು. ಬಾಣಂತಿಗೆ ಶೀತ ನೆತ್ತಿಗೇರಿದರೆ ಸನ್ನಿ ಹಿಡಿದು ಬುದ್ಧಿ ಕೆಡುತ್ತದೆ ಅನ್ನುತ್ತಾರೆ. ನಡುಮನೆಯಲ್ಲಿ ಅವಳು ಅಪ್ಪನಿಗೆ ಪಿಸುಗುಟ್ಟಿದ್ದು ನನಗೆ ಹತ್ತಿಯೊಳಗಿಂದಲೂ ಕೇಳಿಸಿತು.

'ಕಣ್ಣು ಒಂದು ಕಡೆ ನಿಲ್ಲಾಕಿಲ್ಲ ಅವಳ್ದು. ಸನ್ನಿ ಅಂತ ಕಾಣ್ತದೆ.'

'ಹಂಗಾರೆ ಡಾಕ್ಟ್ರಿಗೆ ಹೇಳಿ ಕಳಿಸ್ಲಾ?'

'ಡಾಕ್ಟ್ರು ಎಷ್ಟು ಬಾಣಂತನ ಮಾಡ್ಯವ್ನೆ?'



ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಅವ್ವ ಊಟ ತಂದಾಗ ಬಾಗಿಲು ತೆರೆದಿರುತ್ತಿತ್ತಲ್ಲ, ಆಗ ಬೂದಿ ಮುಚ್ಚಿ ಮುನಿಸಿಕೊಂಡಂತಿದ್ದ ಕೆಂಡ ಕೆಂಪಗಾಗುತ್ತಿತ್ತು. ನನ್ನ ತಲೆಯೂ ಆಗಲೇ ಹಗುರ. ನಾನು ಓದಿದ್ದು ಕಡಿಮೆ, ಒಲೆ ಊದಿದ್ದು ಬಹಳ. ಸೌದೆ ಒತ್ತೊತ್ತಾಗಿ ತುರುಕಿದರೆ ಬೆಂಕಿ ಸಾಯುತ್ತದೆ, ಕೆಳಗೆ ಸಂದಿ ಬಿಟ್ಟರೆ ಏಳುತ್ತದೆ. ಇದು ಯಾವ ಹೆಂಗಸಿಗೆ ಗೊತ್ತಿಲ್ಲ?

'ಇಲ್ಲಿ ಕೆಂಡಕ್ಕೇ ಉಸಿರಿಲ್ಲ ಕಣವ್ವ, ನನಗೆಲ್ಲಿಂದ ಬತ್ತದೆ?'

'ಕೆಂಡ ಏನು ಬಾಣಂತೀನಾ? ಸುಮ್ನೆ ಬಿದ್ಕೊ.'

ಒಂದು ದಿನ ನೀರು ಹಾಕಿ ನಮ್ಮಿಬ್ಬರನ್ನೂ ಮಲಗಿಸಿ, ಬಾಂಡ್ಲಿ ತುಂಬ ಕೆಂಡ ಇಟ್ಟು, ಅಗಳಿ ಹಾಕಿಕೊಂಡು ಅವ್ವ ಹಿತ್ತಲಿಗೆ ಬಟ್ಟೆ ಒಗೆಯಲು ಹೋದಳು. ನೀರು ಬಿದ್ದ ಮಗು ಹಸಿದಿರುತ್ತದೆ, ಬಾಯಿ ಹಾಕಬೇಕು. ಹಾಕಲಿಲ್ಲ. ಮೊಲೆ ಇಟ್ಟರೆ ತುಟಿಯಿಂದ ಜಾರಿತು. ಕೆನ್ನೆ ತಟ್ಟಿದೆ, ಅಂಗಾಲು ಚಿವುಟಿದೆ. ಕೈ ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯ ಹಾಗೆ ಬಿತ್ತು. 'ಅವ್ವಾ' ಅಂತ ಕೂಗಿದರೆ ನನ್ನ ದನಿ ನನಗೇ ಕೇಳಿಸಲಿಲ್ಲ. ಇಳಿದು ನಿಂತೆ, ಕಾಲು ನಿಲ್ಲಲಿಲ್ಲ. ಮಗುವನ್ನು ಎದೆಗೆ ಅವುಚಿಕೊಂಡು ಅಂಬೆಗಾಲಿನಲ್ಲಿ ಕಿಟಕಿಯವರೆಗೆ ಹೋದೆ. ಸೀರೆ ಚೂರು ತುರುಕಿದ್ದರಿಂದ ಚಿಲಕ ಬಿಗಿದುಕೊಂಡಿತ್ತು. ಮಗುವಿಗೆ ಬಜೆ ತೇಯುವ ಕಲ್ಲು ಗೂಡಿನಲ್ಲಿತ್ತು. ಅದನ್ನೆತ್ತಿ ಗಾಜಿಗೆ ಹೊಡೆದೆ.

ಗಾಜು ಹೊರಗೆ ಬಿತ್ತು, ಗಾಳಿ ಒಳಗೆ ಬಂತು. ಮಗುವಿನ ಮುಖವನ್ನು ಆ ತೂತಿಗೆ ಹಿಡಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಸೀನು. ಆಮೇಲೆ ಬೆಕ್ಕಿನ ಮರಿಯಂಥ ಅಳು.

ಅವ್ವ ಒದ್ದೆ ಕೈಯಲ್ಲೇ ಓಡಿ ಬಂದಳು. 'ಅಯ್ಯೋ ನಿನ್ನ ಕೈ ಸೇದೋಗ! ಗಾಜು!'

'ಗಾಜು ಹಾಳಾಗೋಗ್ಲಿ, ಮಗೀನ ನೋಡವ್ವ.'

ಅಷ್ಟರಲ್ಲಿ ಎದುರು ಮನೆಯ ಮೇಷ್ಟ್ರ ಹೆಂಡತಿ ಜಗಲಿಯಿಂದ, 'ಏನ್ರೀ ಅದು ಸದ್ದು?' ಅಂದರು.

'ಬೆಕ್ಕು ಕಣ್ರೀ, ಬೆಕ್ಕು!' ಅಂದಳು ಅವ್ವ.

'ಅಷ್ಟು ದೊಡ್ಡದೇನ್ರೀ ನಿಮ್ಮನೆ ಬೆಕ್ಕು?'

ಸಂಜೆಗೆ ಮುಂಚೆ ಅವ್ವ ಆ ತೂತಿಗೆ ಹಲಗೆ ಬಡಿಸಿಬಿಟ್ಟಳು. ನನಗೆ ಸನ್ನಿ ಹಿಡಿದಿದೆ ಅನ್ನುವುದು ಅವಳಿಗೆ ಈಗ ಖಾತ್ರಿ. ಬಾಂಡ್ಲಿಗೆ ಮತ್ತೆ ಕೆಂಡ ತುಂಬುವುದು ನೋಡಿ ನಾನು ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಿತ್ತಲ ಕೊಟ್ಟಿಗೆಗೆ ಹೋಗಿ ಕೂತೆ. ಅದಕ್ಕೆ ನಾಡಹೆಂಚಿನ ಮಾಡು.

'ಬಾಣಂತಿ ಕೊಟ್ಟಿಗೇಲಿ! ನಾಲ್ಕು ಜನ ಕೇಳಿದ್ರೆ ಏನಂದಾರು?'

'ಹೆಣ ಎತ್ತೋಕೂ ನಾಲ್ಕು ಜನ ಬೇಕಲ್ಲ, ಆಗ ಕೇಳು. ಆ ಕೋಣೇಲಿ ನೀನೇ ಮಲ್ಕೊಳವ್ವ. ಕೆಂಡ ಇಟ್ಕೊಂಡು, ಅಗಳಿ ಹಾಕಿಸ್ಕೊಂಡು.'

ಅವ್ವ ಸವಾಲು ಬಿಡುವವಳಲ್ಲ. ಮಾರನೆಯ ದಿನ ಊಟ ಮುಗಿಸಿ, ಮೊರದ ತುಂಬ ಅವರೆಕಾಯಿ ಹಾಕಿಕೊಂಡು, ಬಾಂಡ್ಲಿ ತುಂಬಿಸಿಕೊಂಡು ಒಳಗೆ ಹೋದಳು. ಅಪ್ಪನ ಕೈಯಲ್ಲಿ ಅಗಳಿ ಹಾಕಿಸಿದಳು. ನಾನು ಮಗು ಎತ್ತಿಕೊಂಡು ಬಾಗಿಲ ಮುಂದೆ ಅಡ್ಡಾಡಿದೆ. ಅವಳಿಗೆ ಬುದ್ಧಿ ಬರಲಿ ಅಂತ ಒಂದು ಮನಸ್ಸು. ಏನಾದರೂ ಆಗಿಬಿಟ್ಟರೆ ಅಂತ ಇನ್ನೊಂದು. ಅಪ್ಪ ಕೂರಲೂ ಇಲ್ಲ, ಅಂಗಡಿಗೆ ಹೋಗಲೂ ಇಲ್ಲ.

'ತೆಗೀಲೇನೇ?'

'ತೆಗೆದ್ರೆ ನೋಡು!' ಒಳಗಿನಿಂದ ಜೋರು ದನಿ. ಅವರೆಕಾಯಿ ಬಿಡಿಸುವ ಸದ್ದು.

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. 'ಹೂಂ' ಅಂದಳು. ಅವರೆಕಾಯಿ ಸದ್ದು ನಿಂತಿತ್ತು. ಮೂರನೆಯ ಸಲ ಕೇಳಿದಾಗ ಉತ್ತರ ಬರಲಿಲ್ಲ.

ಅಪ್ಪ ಅಗಳಿ ತೆಗೆದ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ತೆರೆದಿತ್ತು, ನಮ್ಮನ್ನು ನೋಡುತ್ತಿರಲಿಲ್ಲ. ಅಪ್ಪ ರಟ್ಟೆ ಹಿಡಿದು ಎಳೆದುಕೊಂಡು ಬಂದು ಅಂಗಳದಲ್ಲಿ ಕೂರಿಸಿದ. ಉಂಡಿದ್ದೆಲ್ಲ ವಾಂತಿಯಾಯಿತು. ಮುಖಕ್ಕೆ ನೀರು ಹಾಕಿದೆ. ಬಹಳ ಹೊತ್ತು ತಲೆ ಹಿಡಿದುಕೊಂಡು ಕೂತಿದ್ದು, ಎದ್ದವಳು ಹಿತ್ತಲಿಗೆ ಹೋಗಿ ಕೊಟ್ಟಿಗೆಯ ಮಾಡನ್ನು ನೋಡುತ್ತ ನಿಂತಳು. ಹೆಂಚಿನ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಇಳಿದಿತ್ತು.

'ಹಳ್ಳಿ ಮನೇಲಿ ಹೆಂಚಿತ್ತು' ಅಂದಳು.

ಮಾರನೆಯ ಬೆಳಿಗ್ಗೆಯೇ ಗಾರೆ ಕೆಲಸದವನನ್ನು ಕರೆಸಿದಳು. ಕೋಣೆಯ ಗೋಡೆಗೆ ನೆಲದ ಹತ್ತಿರ ಒಂದು ಕಿಂಡಿ, ತಾರಸಿಗೆ ತಾಗಿದ ಹಾಗೆ ಇನ್ನೊಂದು. ಕೆಳಗಿಂದ ಹೊಸ ಗಾಳಿ ಬರಬೇಕು, ಕೆಟ್ಟದ್ದು ಮೇಲಿಂದ ಹೋಗಬೇಕು.

ಅಪ್ಪನ ಮುಖ ಬಾಡಿತು. 'ಹೊಸಾ ಗೋಡೆ ಕಣೇ.'

'ಗೋಡೆ ಏನು ಹಾಲು ಕುಡೀತದಾ?' ಅಂದಳು ಅವ್ವ. ಕೆಲಸದವನಿಗೆ ಕೈ ಆಡಿಸಿ ತೋರಿಸಿದಳು. 'ಹೊಡಿಯಪ್ಪ ನೀನು.'

ನಾನು ಮಗುವಿನ ಜೊತೆ ಮತ್ತೆ ಆ ಕೋಣೆಗೆ ಹೋದೆ. ಕಿಂಡಿ ಯಾಕೆ ಅಂತ ಮೇಷ್ಟ್ರ ಹೆಂಡತಿ ಕೇಳಿದ್ದಕ್ಕೆ ಅವ್ವ, 'ಕೆಂಡಕ್ಕೆ ಕಣ್ರೀ, ಬಾಣಂತಿಗಲ್ಲ' ಅಂದಳು. ನನಗೆ ಗಾಳಿ ಸೋಕಬಾರದು ಅನ್ನುವ ಮಾತು ಬಿಟ್ಟವಳಲ್ಲ. ನಾನೂ ಎದುರಾಡಲಿಲ್ಲ. ಮಗು ಬಾಯಿ ಹಾಕಿ ಎಳೆದೆಳೆದು ಕುಡಿಯುತ್ತಿತ್ತು. ತಲೆನೋವು ಹೋಗಿತ್ತು. ನೆಮ್ಮದಿ ಮಾತ್ರ ಬರಲಿಲ್ಲ. ಹೊರಸಿನ ಮೇಲಿದ್ದಷ್ಟು ದಿನವೂ ಕಣ್ಣು ಹತ್ತುವ ಹೊತ್ತಿಗೆ ಬೆಚ್ಚಿ ಎದ್ದು, ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೆ.