ಅವ್ವ ಕಾಣದ ಗ್ರಹಣ

ಪಾಸ್‌ಪೋರ್ಟಿನ ಅರ್ಜಿ ಗಾಳಿಗೆ ಹಾರದಿರಲೆಂದು ಅದರ ಮೇಲೆ ಅಡಕೊತ್ತು ಇಟ್ಟಿದ್ದೇನೆ. ಹದಿನೈದು ದಿನಗಳಿಂದ ಅದು ಅಲ್ಲೇ ಇದೆ. ಮೂವತ್ತು ವರ್ಷ ಗಂಟೆ ಹೊಡೆಸಿ ಶಾಲೆ ನಡೆಸಿ ನಿವೃತ್ತನಾದ ನನಗೆ ಯಾವ ಕೆಲಸವನ್ನೂ ನಾಳೆಗೆ ಇಟ್ಟು ಗೊತ್ತಿಲ್ಲ; ಈ ಹಾಳೆ ತುಂಬಲು ಕುಳಿತರೆ ಮಾತ್ರ ಕೈ ಸೋಲುತ್ತದೆ. ಯರಗುಪ್ಪಿಯಿಂದ ಹುಬ್ಬಳ್ಳಿ, ಮದ್ರಾಸು, ಸಿಂಗಾಪುರ, ಅಲ್ಲಿಂದ ಜಾವಾ ಎಂದು ದಾರಿಯನ್ನೆಲ್ಲ ಕ್ರಮವಾಗಿ ಬರೆದಿಟ್ಟಿದ್ದೇನೆ. ಬರುವ ಜೂನಿನಲ್ಲಿ ಅಲ್ಲಿ ಖಗ್ರಾಸ ಸೂರ್ಯಗ್ರಹಣ.

ನಗಬೇಡಿ, ಗೆಳೆಯರೇ. ಮೂರು ವರ್ಷದ ಹಿಂದೆ ಅಂಥದೇ ಗ್ರಹಣ, ಯಾರೂ ಕರೆಯದೆ, ನಮ್ಮೂರ ನೆತ್ತಿಯ ಮೇಲೇ ಬಂದಿತ್ತು. ಆಗ ನಾನು ಶಾಲೆಗೆ ರಜೆ ಕೊಟ್ಟು, ಮನೆಯ ಕಿಟಕಿಗಳಿಗೆ ಗೋಣಿಚೀಲ ಬಿಗಿದು, ಪಡಸಾಲೆಯಲ್ಲಿ ನೀರಿನ ಪರಾತದೊಳಗೆ ಒನಕೆ ನಿಲ್ಲಿಸಿ, ಅದು ಬಿದ್ದಾಗ ಗ್ರಹಣ ಬಿಟ್ಟಂತೆ ಎಂದು ಕಾಯುತ್ತ ಕುಳಿತಿದ್ದೆ. ಎಂಬತ್ತು ದಾಟಿದ ಅವ್ವ ಕೇಳಿದ್ದಳು: “ಒಂದೀಟು ಬಾಗಲಾ ತಗಿಯೋ, ಸಾಯೂದ್ರಾಗ ನೋಡ್ತೀನಿ.”

“ಸುಮ್ನ ಒಳಗ ಕುಂದ್ರಬೇ,” ಎಂದು ಗದರಿದ್ದೆ.

ಮರುವರ್ಷ ಅವ್ವ ಹೋದಳು; ಆ ಮಾತು ಹೋಗಲಿಲ್ಲ. ಶಿಸ್ತನ್ನು ಬಾಗಿಲಿಗೆ ನಿಲ್ಲಿಸಿದರೆ ಅದು ಕಳ್ಳನನ್ನಷ್ಟೇ ಅಲ್ಲ, ಸೂರ್ಯನನ್ನೂ ತಡೆಯುತ್ತದೆ. ಅವಳ ಪರವಾಗಿ ನಾನಾದರೂ ನೋಡಿ ಬಂದರೆ ಆ ಗದರಿಕೆ ತೀರೀತೆಂದೇ ಈ ಜಾವಾ.

ನಿನ್ನೆ ಬೆಳಗಿನ ಚಹಾದ ಹೊತ್ತಿಗೆ ಹೆಂಡತಿ ಶಾಂತವ್ವ ಅರ್ಜಿಯನ್ನು ನೋಡಿ ನಕ್ಕಳು. “ಬಾಗಲಿಗೆ ಬಂದಾಗ ಅಗಳಿ ಹಾಕಿದ್ರಿ. ಈಗ ಸಮುದ್ರಾ ದಾಟಿ ಹುಡಿಕ್ಕೊಂಡು ಹೊಂಟ್ರೇನ್ರಿ?”

“ಅವ್ವ ನೋಡಲಿಲ್ಲಲ್ಲ, ಅದಕ್ಕ,” ಎಂದೆ.

ಅವಳ ನಗು ನಿಂತಿತು. ಚಹಾದ ಬಸಿ ಕೆಳಗಿಟ್ಟಳು.

“ಅತ್ತಿ ನೋಡ್ಯಾರ್ರೀ. ನೀವು ಒನಕಿ ಕಾಯ್ಕೋತ ಕುಂತಿದ್ರಿ, ನಾವಿಬ್ಬರೂ ಹಿತ್ತಲ ಬಾಗಲದಾಗಿಂದ ಹೋದ್ವಿ. ಬಕೀಟಿನ್ಯಾಗ ಸಗಣಿ ನೀರು ಕಲಿಸಿ ಅದರಾಗ ನೋಡಿದ್ವಿ. ಪೂರಾ ಕತ್ತಲಾತು ನೋಡ್ರಿ, ಅತ್ತಿ ಅಗದಿ ತಲಿ ಎತ್ತೇ ನೋಡಿದ್ರು. ಕರೇ ಬಿಲ್ಲಿ, ಸುತ್ತ ಬೆಳ್ಳಿ ಜರಿ ಇದ್ದಂಗ. ಗುಬ್ಬಿ ಎಲ್ಲಾ ಗೂಡು ಸೇರಿದ್ವು.”

ಮೂರು ವರ್ಷ ಹೊತ್ತದ್ದು ಇಳಿದರೂ ಹಗುರೆನಿಸಲಿಲ್ಲ. ದೂರದಿಂದ ನಡೆದು ಬಂದವನ ಕಾಲಿನಂತೆ ಬರೀ ದಣಿವು ಉಳಿಯಿತು. ಜಾವಾಕ್ಕೆ ಹೋಗಬೇಕೆಂಬ ಕಾರಣವೂ ಅದರೊಡನೆ ಇಳಿದುಹೋಗಿತ್ತು. ನೋಡದೆ ಉಳಿದವನು ಆ ಮನೆಯಲ್ಲಿ ನಾನೊಬ್ಬನೇ.

“ನನಗ್ಯಾಕ ಹೇಳಲಿಲ್ಲ?”

“ಅತ್ತೀನ ಬ್ಯಾಡಂದ್ರು. ‘ಅವಗ ಹೇಳಬ್ಯಾಡಬೇ ಶಾಂತಾ, ಪಾಪ, ಕೂಸು ಅಂಜತೈತಿ’ ಅಂದ್ರು.”