ಕಡೀ ಸಾಲು ನಿಮ್ದರಿ

ನಾಶಿಕದ ಹತ್ತಿರದ ಓಝರಿನಲ್ಲಿ ನಮ್ಮ ಮನೆಗೂ ಮೇಡಮ್ಮೋರ ಮನೆಗೂ ನಡುವೆ ಒಂದೇ ಗೋಡೆ. ಬೀದರ ಕಡೆಯ ಅವರು ನಾಶಿಕದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ರೊಮ್ಯಾಂಟಿಕ್ ಯುಗ ಮುಗಿಯುತ್ತ ಬಂದಾಗ ಅಚ್ಚಾದ ಕವಿತೆಗಳೆಂದರೆ ಅವರಿಗೆ ಜೀವ. ದೊಡ್ಡ ಕವಿಗಳಲ್ಲಿ ಕೆಲವರು ಎಳೆವಯಸ್ಸಿನಲ್ಲೇ ಸತ್ತುಹೋದ ಮೇಲೆ ಉಳಿದವರು ಬರೆದವು, ಈಗ ಪಠ್ಯದಲ್ಲೂ ಇಲ್ಲದವು.

ಓದುವಾಗ ಕೊನೆಯ ಸಾಲಿಗೆ ಮುಂಚೆ ನಿಲ್ಲಿಸಿ, ಅಂಗೈ ಚಾಚಿ, ಅದನ್ನು ಕೇಳುವವರ ಬಾಯಿಂದಲೇ ಹೇಳಿಸುವುದು ಅವರ ಪದ್ಧತಿ. ಸಂಜೆಯಾದರೆ ಗೋಡೆಯಾಚೆಯಿಂದ “ಕಡೀ ಸಾಲು ನಿಮ್ದರಿ” ಎಂಬ ದನಿ ಕೇಳುತ್ತಿತ್ತು. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅವರ ಯಜಮಾನರು ಆ ಸಾಲನ್ನು ನಿಧಾನವಾಗಿ ಹೇಳುತ್ತಿದ್ದರು. ಒಮ್ಮೆ ಅವರನ್ನು ಅರ್ಥ ಕೇಳಿದೆ.

“ಅರ್ಥ ಎಲ್ಲಾ ಆಕೀ ಹತ್ರ ಅದ ನೋಡ್ರಿ. ನನ್ ಹತ್ರ ಬರೇ ಒಂದ್ ಸಾಲು,” ಎಂದು ನಕ್ಕರು.

ಹೋದ ವರ್ಷ ಯಜಮಾನರು ತೀರಿಕೊಂಡರು. ಮಣ್ಣು ಮಾಡುವಾಗ, ವಚನ ಹೇಳಿ ಮುಗಿದ ಮೇಲೆ, ಮೇಡಮ್ಮೋರು ಗುಂಡಿಯ ಹತ್ತಿರ ಬಂದು ಒಂದು ಇಂಗ್ಲಿಷ್ ಕವಿತೆ ಹೇಳತೊಡಗಿದರು. ಯಾರೂ ತಡೆಯಲಿಲ್ಲ. ಕೊನೆಯ ಸಾಲಿಗೆ ಮುಂಚೆ ಅವರು ನಿಂತರು. ಅಂಗೈ ತಾನಾಗಿ ಮುಂದೆ ಹೋಯಿತು. ಕೇಳಿ ಕೇಳಿ ಆ ಸಾಲು ನನಗೂ ಬಾಯಿಪಾಠವಾಗಿತ್ತು.

ಸಂಭಾಜಿನಗರದಿಂದ ಬಂದಿದ್ದ ಅವರ ತಮ್ಮ ಮೆಲ್ಲಗೆ, “ಅಕ್ಕಾ, ನೀನೇ ಹೇಳಿಬಿಡು,” ಎಂದ.

“ಅದು ನಂದಲ್ಲೋ ತಮ್ಮಾ, ಅವರ್ದು,” ಎಂದರು ಮೇಡಮ್ಮೋರು. ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಬಾಗಿ, ಚಾಚಿದ್ದ ಅದೇ ಕೈಯಿಂದ ಮೊದಲ ಹಿಡಿ ಮಣ್ಣು ಹಾಕಿದರು.